ಸಾಯುವಾಗಲೂ ಹಾಡುವವರು: ನ್ಯೂಯಾರ್ಕಿನ ಒಪೆರಾ ಹುಚ್ಚರ ಲೋಕಕ್ಕೊಂದು ದಾರಿ

1959ರ ಡಿಸೆಂಬರ್ 28ರ ರಾತ್ರಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ವಾಗ್ನರ್‌ನ 'ಟ್ರಿಸ್ಟಾನ್ ಮತ್ತು ಇಸೋಲ್ಡೆ'. ಆಟ ಶುರುವಾಗುವ ಮೊದಲು ಮ್ಯಾನೇಜರ್ ರುಡಾಲ್ಫ್ ಬಿಂಗ್ ಪರದೆಯ ಮುಂದೆ ಬಂದು ನಿಂತರು. ಮ್ಯಾನೇಜರ್ ಹೀಗೆ ಬಂದರೆ ಕೆಟ್ಟ ಸುದ್ದಿ ಎಂದೇ ಲೆಕ್ಕ. ಜನ ಗೊಣಗಿದರು. ಹತ್ತು ದಿನದ ಹಿಂದಷ್ಟೇ ಇದೇ ಪಾತ್ರದಲ್ಲಿ ಮೆಟ್‌ಗೆ ಕಾಲಿಟ್ಟು ಊರನ್ನೇ ಮರುಳು ಮಾಡಿದ್ದ ಸ್ವೀಡನ್ನಿನ ಬಿರ್ಗಿಟ್ ನಿಲ್ಸನ್ ಇವತ್ತು ಹಾಡುವುದಿಲ್ಲವೇನೋ ಎಂಬ ಭಯ. ಇಲ್ಲ, ನಿಲ್ಸನ್ ಚೆನ್ನಾಗಿಯೇ ಇದ್ದಾರೆ ಎಂದರು ಬಿಂಗ್. ತೊಂದರೆ ನಾಯಕನದು. ಟ್ರಿಸ್ಟಾನ್ ಹಾಡಬಲ್ಲ ಮೂವರು ಟೆನರ್‌ಗಳಿದ್ದಾರೆ (ಎತ್ತರದ ಗಂಡುದನಿಯ ಗಾಯಕರು), ಮೂವರೂ ಕಾಯಿಲೆ ಬಿದ್ದಿದ್ದಾರೆ. ಪೂರ್ತಿ ಹಾಡುವ ಶಕ್ತಿ ಯಾರಿಗೂ ಇಲ್ಲ. ಪುಣ್ಯಕ್ಕೆ ಈ ಒಪೆರಾದಲ್ಲಿ ಇರುವುದು ಮೂರೇ ಅಂಕ. ಒಬ್ಬೊಬ್ಬರು ಒಂದೊಂದು ಅಂಕ ಹಾಡುತ್ತಾರೆ!

ಥಿಯೇಟರ್ ಇಡೀ ನಕ್ಕಿತು. ಆಮೇಲೆ ಅದೇ ಜನ ಗಂಟೆಗಟ್ಟಲೆ ಕೂತು, ಒಬ್ಬಳೇ ಇಸೋಲ್ಡೆ ಮೂವರು ಟ್ರಿಸ್ಟಾನರನ್ನು ಪ್ರೀತಿಸಿ, ಮೂರನೆಯವನ ಹೆಣದ ಮುಂದೆ ಪ್ರಾಣ ಬಿಡುವುದನ್ನು ಗಂಭೀರವಾಗಿ ನೋಡಿದರು.

ಒಪೆರಾ ಹುಚ್ಚು ಹತ್ತಿದವರನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ಎರಡನ್ನೂ ಒಟ್ಟಿಗೆ ನೋಡಬೇಕು. ಹೊರಗಿನವರು ಒಪೆರಾವನ್ನು ನೋಡಿ ನಗುತ್ತಾರೆ, ಇಲ್ಲವೇ ಭಕ್ತಿಯಿಂದ ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ನಿಜವಾದ ಹುಚ್ಚರು ಎರಡೂ ಅಲ್ಲ. ಒಪೆರಾ ಎಷ್ಟು ವಿಚಿತ್ರ ಅಂತ ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅದನ್ನು ಹೇಳಿಕೊಂಡು ಇಂಟರ್ವಲ್‌ನಲ್ಲಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ಬೆಲ್ ಹೊಡೆದ ಮೇಲೆ ಒಳಗೆ ಹೋಗಿ ಅಳುತ್ತಾರೆ.

ಹೊಸಬರ ಮೊದಲ ತಕರಾರು ಯಾವಾಗಲೂ ಒಂದೇ: ಸಾಯೋಕೆ ಅಷ್ಟು ಹೊತ್ತು ಯಾಕೆ? ಕ್ಷಯ ಬಂದವಳಿಗೆ ಉಸಿರೇ ಇಲ್ಲ, ಆದರೆ ಗಂಟಲು ಮಾತ್ರ ನಾಲ್ಕನೇ ಮಹಡಿಗೆ ಕೇಳುತ್ತದೆ. ಸೈನಿಕರು 'ಓಡೋಣ, ಓಡೋಣ' ಎಂದು ಹಾಡುತ್ತಾ ಐದು ನಿಮಿಷ ನಿಂತಲ್ಲೇ ನಿಂತಿರುತ್ತಾರೆ.

ಇದಕ್ಕೆ ಉತ್ತರ ಇದೆ. ಒಪೆರಾದಲ್ಲಿ ಗಡಿಯಾರಗಳು ಎರಡು. ಒಂದು ಕತೆಯದು, ಇನ್ನೊಂದು ಮನಸ್ಸಿನದು. ಹಳೆಯ ಒಪೆರಾಗಳಲ್ಲಿ ಇವನ್ನು ಬೇರೆ ಬೇರೆಯಾಗಿಯೇ ಇಟ್ಟಿದ್ದರು. ಮಾತಿನ ಧಾಟಿಯಲ್ಲಿ ಸರಸರ ಹಾಡಿ ಮುಗಿಸುವ ಭಾಗಕ್ಕೆ ರೆಸಿಟೆಟಿವ್ ಎನ್ನುತ್ತಾರೆ. ಕತೆ ಓಡುವುದು ಅಲ್ಲಿ. ಪತ್ರ ಬರುವುದು, ಗುಟ್ಟು ಬಯಲಾಗುವುದು, ಯಾರೋ ಬಾಗಿಲು ಬಡಿಯುವುದು ಎಲ್ಲಾ ಅಲ್ಲೇ. ಆಮೇಲೆ ಆರಿಯಾ, ಅಂದರೆ ಒಬ್ಬರೇ ಹಾಡುವ ಹಾಡು ಬರುತ್ತದೆ. ಆಗ ಕತೆಯ ಗಡಿಯಾರ ನಿಂತು, ಒಂದು ಕ್ಷಣದ ಭಾವ ಆರೇಳು ನಿಮಿಷಕ್ಕೆ ಹಿಗ್ಗುತ್ತದೆ. ಯಕ್ಷಗಾನದಲ್ಲಿ ಬಾಣ ತಾಗಿದ ಮೇಲೂ ವೀರ ಅರ್ಧ ಗಂಟೆ ಕುಣಿದು ಅರ್ಥ ಹೇಳಿದರೆ ನಾವು 'ಇವನಿನ್ನೂ ಸತ್ತಿಲ್ಲವಾ' ಅಂತ ಕೇಳುವುದಿಲ್ಲ ಅಲ್ವಾ? ಇಲ್ಲಿಯೂ ಹಾಗೇ. ಆಕೆ ಸಾಯಲು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಿಲ್ಲ. ಸಾಯುವ ಆ ಒಂದು ನಿಮಿಷವನ್ನು ನಮಗೆ ಇಪ್ಪತ್ತು ನಿಮಿಷ ತೋರಿಸುತ್ತಿದ್ದಾರೆ.

ಕತೆಗಳು ತಲೆಬುಡ ಇಲ್ಲದವು ಎಂಬ ದೂರೂ ಇದೆ. ಇದು ನೂರಕ್ಕೆ ನೂರು ನಿಜ. ವೆರ್ದಿಯ 'ಇಲ್ ತ್ರೊವತೋರೆ'ಯಲ್ಲಿ ಒಬ್ಬಳು ಸೇಡಿಗಾಗಿ ಶತ್ರುವಿನ ಮಗುವನ್ನು ಬೆಂಕಿಗೆ ಎಸೆಯಲು ಹೋಗಿ ತನ್ನದೇ ಮಗುವನ್ನು ಎಸೆದುಬಿಡುತ್ತಾಳೆ. ಇಡೀ ಒಪೆರಾ ನಿಂತಿರುವುದು ಈ ಎಡವಟ್ಟಿನ ಮೇಲೆ. ಮೊಜಾರ್ಟ್‌ನ 'ಕೊಸಿ ಫಾನ್ ತುತ್ತೆ'ಯಲ್ಲಿ ಇಬ್ಬರು ಹುಡುಗರು ಸುಳ್ಳು ಮೀಸೆ ಅಂಟಿಸಿಕೊಂಡು ಬರುತ್ತಾರೆ. ಅಷ್ಟಕ್ಕೇ ಅವರನ್ನು ಮದುವೆಯಾಗಬೇಕಿದ್ದ ಹುಡುಗಿಯರಿಗೆ ಗುರುತೇ ಸಿಗುವುದಿಲ್ಲ.

ಆದರೆ ಇಂಥ ಕತೆಯಲ್ಲೇ ಸಂಗೀತ ಏನು ಮಾಡಬಲ್ಲದು ಅನ್ನುವುದಕ್ಕೆ ವೆರ್ದಿಯ 'ರಿಗೊಲೆತ್ತೊ' ನೋಡಿ. ರಿಗೊಲೆತ್ತೊ ಒಬ್ಬ ಗೂನುಬೆನ್ನಿನ ವಿದೂಷಕ. ಅವನ ಯಜಮಾನ ಒಬ್ಬ ಡ್ಯೂಕ್, ಹೆಣ್ಣಿನ ಹುಚ್ಚ. ಡ್ಯೂಕ್ ಇವನ ಮಗಳನ್ನೇ ಕೆಡಿಸಿದಾಗ ಇವನು ಬಾಡಿಗೆ ಕೊಲೆಗಾರನಿಗೆ ಹಣ ಕೊಡುತ್ತಾನೆ. ಕೊನೆಯ ಅಂಕದಲ್ಲಿ ಡ್ಯೂಕ್ ಒಂದು ಹಗುರವಾದ, ಪೋಲಿ ಹಾಡು ಹಾಡುತ್ತಾನೆ. 'ಲಾ ದೊನ್ನಾ ಎ ಮೊಬಿಲೆ'. ಹೆಂಗಸರ ಮನಸ್ಸು ಗಾಳಿಯಲ್ಲಿ ಹಾರುವ ಗರಿಯ ಹಾಗೆ, ನಂಬಬೇಡಿ ಎಂಬ ಅರ್ಥ. ಒಪೆರಾ ಅಂದರೆ ಏನೆಂದೇ ಗೊತ್ತಿಲ್ಲದವರೂ ಈ ಧಾಟಿಯನ್ನು ಎಲ್ಲಾದರೂ ಕೇಳಿರುತ್ತಾರೆ. ಸುಮ್ನೆ ಒಂದು ಹಿಟ್ ಹಾಡು ಅಂದುಕೊಂಡು ನಾವೂ ತಲೆದೂಗುತ್ತೇವೆ. ನಡುರಾತ್ರಿ ಕೊಲೆಗಾರ ಒಂದು ಮೂಟೆ ತಂದು ರಿಗೊಲೆತ್ತೊಗೆ ಕೊಡುತ್ತಾನೆ. ಒಳಗೆ ಡ್ಯೂಕ್‌ನ ಹೆಣ ಇದೆ ಎಂದು ಇವನು ಹಿಗ್ಗುತ್ತಾನೆ. ನದಿಗೆ ಎಸೆಯಬೇಕು, ಅಷ್ಟರಲ್ಲಿ ದೂರದಿಂದ ಅದೇ ಹಾಡು ಕೇಳಿಸುತ್ತದೆ. ಡ್ಯೂಕ್ ಬದುಕಿದ್ದಾನೆ. ಹಾಗಾದರೆ ಮೂಟೆಯಲ್ಲಿ ಯಾರು?

ಮಗಳು. ಡ್ಯೂಕ್‌ನ ಬದಲು ಅವಳು ಇರಿತ ತಿಂದದ್ದು ನಮಗೆ ಆಗಲೇ ಗೊತ್ತು. ಎಡವಟ್ಟಾಗಿದೆ ಎಂದು ಅವನಿಗೆ ಗೊತ್ತಾಗುವುದು ಒಂದೇ ಒಂದು ಮಾತಿಲ್ಲದೆ, ಬರೀ ಒಂದು ಧಾಟಿಯಿಂದ. ಆಗಲೇ ಹಾಡು ನಾಲಿಗೆಗೆ ಅಂಟಿಕೊಂಡಿರಬೇಕಾದ್ದು ಯಾಕೆ ಅಂತ ಈಗ ಅರ್ಥವಾಯಿತಲ್ಲ. ಅಂಟಿರದಿದ್ದರೆ ಈ ಕ್ಷಣ ಕೆಲಸ ಮಾಡುವುದೇ ಇಲ್ಲ. 1851ರಲ್ಲಿ ವೆನಿಸ್‌ನಲ್ಲಿ ಮೊದಲು ವೇದಿಕೆ ಏರಿದ ಈ ಉಪಾಯ ಇವತ್ತಿಗೂ ಬೆನ್ನುಹುರಿ ತಣ್ಣಗೆ ಮಾಡುತ್ತದೆ. ಆಮೇಲೆ ಇರಿತ ತಿಂದ ಹುಡುಗಿ ಮೂಟೆಯಿಂದ ತಲೆ ಹೊರಗೆ ಹಾಕಿ ಅಪ್ಪನ ಜೊತೆ ಯುಗಳಗೀತೆ ಹಾಡುತ್ತಾಳೆ. ಹೌದು, ನಗು ಬರುತ್ತದೆ. ಆದರೆ ಆ ಹೊತ್ತಿಗೆ ನಗಲು ಗಂಟಲಲ್ಲಿ ಜಾಗ ಇರುವುದಿಲ್ಲ.

ಇನ್ನೊಂದು ವಿಷಯ ಮಾತಿನ ನಾಟಕಕ್ಕೆ ಸಾಧ್ಯವೇ ಇಲ್ಲ. ಇದೇ ಒಪೆರಾದಲ್ಲಿ ನಾಲ್ಕು ಜನ ಒಟ್ಟಿಗೆ ಹಾಡುವ ಕಡೆ ಒಬ್ಬ ಸರಸ ಆಡುತ್ತಾನೆ, ಒಬ್ಬಳು ಕೀಟಲೆ ಮಾಡುತ್ತಾಳೆ, ಒಬ್ಬಳ ಎದೆ ಒಡೆಯುತ್ತದೆ, ಒಬ್ಬ ಸೇಡಿನ ಮಾತಾಡುತ್ತಾನೆ. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಅದು ಗದ್ದಲ. ಹಾಡಿದರೆ ನಾಲ್ಕೂ ಮನಸ್ಸು ಒಂದೇ ಸಲ ಕಾಣುತ್ತದೆ.

ಆ ದನಿ ಯಾಕೆ ಅಷ್ಟು ವಿಚಿತ್ರ? ಮೆಟ್‌ನಲ್ಲಿ ಸುಮಾರು 3,800 ಸೀಟುಗಳಿವೆ. ಗಾಯಕರಿಗೆ ಮೈಕ್ ಇಲ್ಲ. ಎದುರಿಗೆ ದೊಡ್ಡ ಆರ್ಕೆಸ್ಟ್ರಾ. ಅದನ್ನು ದಾಟಿ ಮೇಲಿನ ಕೊನೆಯ ಸಾಲಿಗೆ ದನಿ ಮುಟ್ಟಬೇಕು. ಬರೀ ಜೋರಾಗಿ ಕಿರುಚಿದರೆ ಗಂಟಲು ಹೋಗುತ್ತದೆ, ಕೆಲಸ ಆಗುವುದಿಲ್ಲ. ಸ್ವೀಡನ್ನಿನ ವಿಜ್ಞಾನಿ ಯೊಹಾನ್ ಸುಂಡ್‌ಬರ್ಗ್ ಇದನ್ನು ಅಳೆದು ವಿವರಿಸಿದರು. ಆರ್ಕೆಸ್ಟ್ರಾದ ಶಕ್ತಿ ಹೆಚ್ಚು ಇರುವುದು 500 ಹರ್ಟ್ಸ್ ಆಸುಪಾಸಿನಲ್ಲಿ. ಅಲ್ಲಿಂದ ಮೇಲೆ ಹೋದಂತೆ ಅದು ಇಳಿಯುತ್ತದೆ. ಪಳಗಿದ ಗಾಯಕರು ಗಂಟಲಿನ ಆಕಾರ ಬದಲಿಸಿಕೊಂಡು ತಮ್ಮ ದನಿಯ ಶಕ್ತಿಯನ್ನು 3,000 ಹರ್ಟ್ಸ್ ಹತ್ತಿರ ಗುಡ್ಡೆ ಹಾಕುತ್ತಾರೆ. ಅಲ್ಲಿ ಆರ್ಕೆಸ್ಟ್ರಾ ಸಪ್ಪೆ, ನಮ್ಮ ಕಿವಿ ಚುರುಕು. ದನಿ ಆ ಸಂದಿಯಲ್ಲಿ ತೂರಿ ಬರುತ್ತದೆ. ಆ ಲೋಹದಂಥ ಹೊಳಪು ಕೃತಕ ಅನ್ನಿಸಬಹುದು, ಆದರೆ ಅದಿಲ್ಲದೆ ಕೇಳಿಸುವುದೇ ಇಲ್ಲ.

ಎತ್ತರದ ದನಿಯ ಗಾಯಕಿಯರಾದ ಸೊಪ್ರಾನೊಗಳ ದಾರಿ ಬೇರೆ. ಅವರ ಸ್ವರವೇ ತುಂಬಾ ಮೇಲಿರುತ್ತದೆ. ಬಾಯಿ ಅಗಲಿಸಿ, ಬಾಯೊಳಗಿನ ಅನುರಣನವನ್ನು ಆ ಸ್ವರಕ್ಕೆ ಹೊಂದಿಸಿಕೊಳ್ಳುತ್ತಾರೆ. ಆಗ ಅ, ಇ, ಎ ಎಲ್ಲಾ ಒಂದೇ ಥರ ಕೇಳುತ್ತದೆ. ಮೇಲಿನ ಸ್ವರದಲ್ಲಿ ಒಂದು ಪದವೂ ತಿಳಿಯಲ್ಲ ಅಂತ ಬೇಸರ ಬೇಡ. ಇಟಲಿಯವರಿಗೂ ತಿಳಿಯುವುದಿಲ್ಲ.

ಅದಕ್ಕೇ ಬಂದದ್ದು ಸಾಲುಗಳ ಅನುವಾದ ತೋರಿಸುವ ವ್ಯವಸ್ಥೆ. 1983ರಲ್ಲಿ ಟೊರೊಂಟೊದಲ್ಲಿ ವೇದಿಕೆಯ ಮೇಲ್ಗಡೆ ತೋರಿಸಿ ಶುರು ಮಾಡಿದರು. ಮೆಟ್ ಬಹಳ ಕಾಲ ಮೂಗು ಮುರಿಯಿತು. ಕೊನೆಗೆ 1995ರಲ್ಲಿ ಪ್ರತಿ ಸೀಟಿನ ಹಿಂದೆ ಒಂದು ಪುಟ್ಟ ಪರದೆ ಕೂರಿಸಿತು. ಬೇಡ ಅಂದರೆ ಬಟನ್ ಒತ್ತಿ ಆರಿಸಬಹುದು. ಒಂದೇ ತಮಾಷೆ ಏನೆಂದರೆ ಜನ ಮೊದಲೇ ಓದಿಬಿಡುತ್ತಾರೆ. ಗಾಯಕ ಜೋಕ್ ಹಾಡಿ ಮುಗಿಸುವ ಮುಂಚೆಯೇ ನಗು ಬಂದು ಹೋಗಿರುತ್ತದೆ.

ಈ ಮೆಟ್ ಹುಟ್ಟಿದ ಕತೆಯೇ ಒಂದು ಕಾಮಿಡಿ. 1880ರ ಹೊತ್ತಿಗೆ ನ್ಯೂಯಾರ್ಕಿನ ದೊಡ್ಡ ಮನೆತನಗಳು ಒಪೆರಾ ನೋಡುತ್ತಿದ್ದುದು 14ನೇ ಬೀದಿಯ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ. ಬಾಕ್ಸ್‌ಗಳು ಬೆರಳೆಣಿಕೆಯಷ್ಟು, ಎಲ್ಲವೂ ಹಳೇ ಮನೆತನಗಳ ಕೈಯಲ್ಲಿ. ರೈಲು, ಬ್ಯಾಂಕುಗಳಲ್ಲಿ ದುಡ್ಡು ಮಾಡಿದ ವಾಂಡರ್‌ಬಿಲ್ಟ್, ಮಾರ್ಗನ್‌ಗಳಿಗೆ ಎಷ್ಟು ಹಣ ಕೊಟ್ಟರೂ ಜಾಗ ಸಿಗಲಿಲ್ಲ. ಸರಿ, ನಮ್ಮದೇ ಒಂದು ಕಟ್ಟೋಣ ಅಂದರು. 1883ರ ಅಕ್ಟೋಬರ್ 22ರಂದು ಬ್ರಾಡ್‌ವೇಯ ಹೊಸ ಕಟ್ಟಡ ತೆರೆಯಿತು. ಮೊದಲ ಆಟ ಗುನೋ ಬರೆದ 'ಫೌಸ್ಟ್'. ಜರ್ಮನ್ ಕತೆ, ಫ್ರೆಂಚ್ ಒಪೆರಾ, ಹಾಡಿದ್ದು ಇಟಾಲಿಯನ್‌ನಲ್ಲಿ, ಕೇಳಿದವರು ಅಮೆರಿಕನ್ನರು. ವಾಲ್ ಸ್ಟ್ರೀಟ್ ಜೊತೆ ಹೋರಾಡಲು ನನ್ನಿಂದಾಗದು ಎಂದು ಅಕಾಡೆಮಿಯ ಮ್ಯಾನೇಜರ್ ಕೆಲವೇ ವರ್ಷದಲ್ಲಿ ಕೈ ಎತ್ತಿದರು.

ಮೊದಲ ಸೀಸನ್ ಭಾರಿ ನಷ್ಟ. ಮುಂದಿನ ವರ್ಷದಿಂದ ಖರ್ಚು ಕಡಿಮೆ ಮಾಡಲು ಜರ್ಮನ್ ಕಂಪನಿ ತಂದರು. 1891ರವರೆಗೆ ಎಲ್ಲವೂ ಜರ್ಮನ್‌ನಲ್ಲೇ, ಇಟಾಲಿಯನ್ ಒಪೆರಾ ಕೂಡ. ಮೇಲಿನ ಅಗ್ಗದ ಸೀಟುಗಳಲ್ಲಿ ಜರ್ಮನ್ ವಲಸಿಗರು ಉಸಿರು ಬಿಗಿಹಿಡಿದು ವಾಗ್ನರ್ ಕೇಳುತ್ತಿದ್ದರು. ಕೆಳಗೆ ಬಾಕ್ಸ್‌ಗಳಲ್ಲಿ ವಜ್ರ ಹಾಕಿಕೊಂಡವರು ಜೋರಾಗಿ ಹರಟುತ್ತಿದ್ದರು. ದೂರುಗಳು ಎಷ್ಟು ಬಂದವೆಂದರೆ, ದಯವಿಟ್ಟು ಆಟ ನಡೆಯುವಾಗ ಮಾತು ನಿಲ್ಲಿಸಿ ಎಂದು 1891ರಲ್ಲಿ ನಿರ್ದೇಶಕರ ಮಂಡಳಿ ಬಾಕ್ಸ್‌ಗಳಲ್ಲಿ ನೋಟೀಸು ಹಾಕಬೇಕಾಯಿತು. ಕಟ್ಟಡ ಇದ್ದದ್ದೇ ಆ ಹರಟೆಮಲ್ಲರ ದುಡ್ಡಲ್ಲಿ!

ಒಪೆರಾ ಶ್ರೀಮಂತರದು ಅನ್ನುವುದು ಹೀಗೆ ಅರ್ಧ ನಿಜ. ಹಣ ಕೆಳಗೆ, ಹುಚ್ಚು ಮೇಲೆ. ಇವತ್ತಿಗೂ ಅಷ್ಟೇ. ಲಿಂಕನ್ ಸೆಂಟರ್‌ನ ಈಗಿನ ಕಟ್ಟಡದಲ್ಲಿ ಎಲ್ಲಕ್ಕಿಂತ ಮೇಲಿನ ಮಹಡಿಗೆ ಫ್ಯಾಮಿಲಿ ಸರ್ಕಲ್ ಎಂದು ಹೆಸರು. ಗಾಯಕರ ಮುಖ ಕಾಣುವುದಿಲ್ಲ, ಬೈನಾಕ್ಯುಲರ್ ಬೇಕು. ಆದರೆ ದನಿ ತುಂಬಾ ಚೆನ್ನಾಗಿ ಕೇಳುವುದು ಅಲ್ಲೇ ಅಂತ ಹಳೇ ರಸಿಕರು ಆಣೆ ಮಾಡಿ ಹೇಳುತ್ತಾರೆ. ಅದೇ ಮಹಡಿಯ ಬದಿಯಲ್ಲಿ ಪುಟ್ಟ ದೀಪ ಇರುವ ಡೆಸ್ಕ್ ಸೀಟುಗಳಿವೆ. ವೇದಿಕೆ ಸರಿಯಾಗಿ ಕಾಣುವುದಿಲ್ಲ. ಸ್ವರಲಿಪಿ ಹರಡಿಕೊಂಡು ಸಾಲು ಸಾಲಾಗಿ ಹಿಂಬಾಲಿಸುವ ವಿದ್ಯಾರ್ಥಿಗಳಿಗೆ ಆ ಜಾಗ. ಟಿಕೆಟ್ ತಗೊಂಡು ವೇದಿಕೆ ನೋಡದೆ ಪುಸ್ತಕ ನೋಡುವವರು. ಹುಚ್ಚು ಅಂದರೆ ಇದು.

ವೇದಿಕೆಯ ಎದುರು ಕೆಳಗಿರುವ ಆರ್ಕೆಸ್ಟ್ರಾ ಮಹಡಿಯ ಒಳ್ಳೆಯ ಸೀಟಿಗೆ ನೂರಾರು ಡಾಲರ್. ಆದರೆ ಅದೇ ದಿನದ ಆಟಕ್ಕೆ 25 ಡಾಲರಿನ ರಷ್ ಟಿಕೆಟ್ ಆನ್‌ಲೈನ್‌ನಲ್ಲಿ ಬಿಡುತ್ತಾರೆ. ವಾರದ ದಿನಗಳಲ್ಲಿ ಸಂಜೆಯ ಆಟಕ್ಕೆ ಮಧ್ಯಾಹ್ನ 12ಕ್ಕೆ. ಬೆರಳು ಚುರುಕಾಗಿದ್ದರೆ ಸಿಗುತ್ತದೆ. ಸೂಟು ಗೌನು ಕಡ್ಡಾಯ ಅಲ್ಲವೇ ಅಲ್ಲ, ಜೀನ್ಸ್ ಹಾಕಿದವರೂ ಜಾಸ್ತಿ. ಸಬ್‌ವೇಯ 1ನೇ ನಂಬರ್ ರೈಲು 66ನೇ ಬೀದಿಯಲ್ಲಿ ಬಾಗಿಲ ಹತ್ತಿರಕ್ಕೇ ಇಳಿಸುತ್ತದೆ. ತಡ ಮಾತ್ರ ಮಾಡಬೇಡಿ. ತಡವಾಗಿ ಬಂದವರನ್ನು ಇಂಟರ್ವಲ್‌ವರೆಗೆ ಬೇರೆ ಕೋಣೆಯಲ್ಲಿ ಕೂರಿಸಿ ಟಿವಿ ಪರದೆಯಲ್ಲಿ ತೋರಿಸುತ್ತಾರೆ. ವಾಗ್ನರ್ ಅಂದರೆ ಆ ಕಾಯುವಿಕೆ ಒಂದೂವರೆ ಗಂಟೆ ಆದರೂ ಆಶ್ಚರ್ಯ ಇಲ್ಲ. ಬೇಗ ಹೋದರೆ ಇನ್ನೊಂದು ಲಾಭ: ಆಟ ಶುರುವಾಗುವ ಮುಂಚೆ ಆಸ್ಟ್ರಿಯಾ ಕೊಟ್ಟ ಗಾಜಿನ ತೂಗುದೀಪಗಳು ಮೆಲ್ಲಗೆ ಚಾವಣಿಗೆ ಏರುತ್ತವೆ. ಆಕಾರ ನೋಡಿ ಜನ ಇಟ್ಟ ಹೆಸರು ಸ್ಪುಟ್ನಿಕ್. ನೂರು ಸಲ ನೋಡಿದವರೂ ಆಗ ತಲೆ ಎತ್ತುತ್ತಾರೆ.

ಈ ಕಟ್ಟಡದ ಮೊದಲ ದಿನವೂ ಸುಸೂತ್ರ ಇರಲಿಲ್ಲ. 1966ರ ಸೆಪ್ಟೆಂಬರ್ 16. ಸ್ಯಾಮ್ಯುಯೆಲ್ ಬಾರ್ಬರ್ ಬರೆದ ಹೊಸ ಒಪೆರಾ, 'ಆಂಟನಿ ಮತ್ತು ಕ್ಲಿಯೋಪಾತ್ರ'. ಫ್ರಾಂಕೊ ಝೆಫಿರೆಲ್ಲಿಯ ಅದ್ದೂರಿ ಸೆಟ್. ತಿರುಗುವ ವೇದಿಕೆ ರಿಹರ್ಸಲ್‌ನಲ್ಲೇ ಭಾರ ತಾಳದೆ ಕೆಟ್ಟಿತು. ಕ್ಲಿಯೋಪಾತ್ರ ಆಗಿದ್ದ ಲಿಯೊಂಟಿನ್ ಪ್ರೈಸ್ ಪಿರಮಿಡ್ಡಿನ ಒಳಗೆ ಸಿಕ್ಕಿಹಾಕಿಕೊಂಡರು. ಯಂತ್ರಗಳ ಮೇಲಿನ ಮೋಹ ಮಾತ್ರ ಹೋಗಲಿಲ್ಲ. 2010ರಲ್ಲಿ ನಿರ್ದೇಶಕ ರೊಬೆರ್ ಲೆಪಾಜ್ ವಾಗ್ನರ್‌ನ 'ರಿಂಗ್'ಗಾಗಿ 24 ಹಲಗೆಗಳ, 45 ಟನ್ ತೂಕದ ಒಂದು ಯಂತ್ರ ತಂದರು. ಅದಕ್ಕಾಗಿ ವೇದಿಕೆಗೇ ಉಕ್ಕಿನ ಆಸರೆ ಕೊಡಬೇಕಾಯಿತು. ಮೊದಲ ರಾತ್ರಿ ಕೊನೆಯಲ್ಲಿ ದೇವತೆಗಳು ಕಾಮನಬಿಲ್ಲಿನ ಸೇತುವೆ ಹತ್ತಿ ಸ್ವರ್ಗಕ್ಕೆ ಹೋಗಬೇಕು. ಯಂತ್ರ ಅಲುಗಲಿಲ್ಲ. ದೇವತೆಗಳು ಸುಮ್ಮನೆ ಪಕ್ಕಕ್ಕೆ ಸರಿದರು.

ಇಂಟರ್ವಲ್‌ನಲ್ಲಿ ಕೇಳಿಬರುವುದು ಇಂಥವೇ. ಲಿಯೊ ಸ್ಲೆಜಾಕ್ ಎಂಬ ಟೆನರ್ 'ಲೋಹೆನ್‌ಗ್ರಿನ್' ಹಾಡುವಾಗ, ಅವನು ಹತ್ತಬೇಕಿದ್ದ ಹಂಸದ ದೋಣಿ ಮೊದಲೇ ಹೊರಟುಬಿಟ್ಟಿತಂತೆ. 'ಮುಂದಿನ ಹಂಸ ಎಷ್ಟು ಗಂಟೆಗೆ?' ಎಂದನಂತೆ. 'ತೋಸ್ಕಾ' ಕೊನೆಯಲ್ಲಿ ನಾಯಕಿ ಕೋಟೆಯಿಂದ ಹಾರುತ್ತಾಳೆ. ಮುಖ್ಯ ಪಾತ್ರದ ಹಿಂದೆಯೇ ನೀವೂ ಹೊರಡಿ ಎಂದು ಹೇಳಿಸಿಕೊಂಡಿದ್ದ ಬಾಡಿಗೆ ಸೈನಿಕರೆಲ್ಲ ಅವಳ ಹಿಂದೆ ಒಬ್ಬೊಬ್ಬರಾಗಿ ಹಾರಿದರಂತೆ. ನಿಲ್ಸನ್ ಮೇಲೆ ಅಂತೂ ಕತೆಗಳ ಗಂಟೇ ಇದೆ. ಟೆನರ್ ಫ್ರಾಂಕೊ ಕೊರೆಲ್ಲಿ ಜೊತೆ 'ತುರಂದೊತ್' ಹಾಡುವಾಗ ಮೇಲಿನ ಸ್ವರವನ್ನು ಅವನಿಗಿಂತ ಜಾಸ್ತಿ ಹೊತ್ತು ಹಿಡಿದಳಂತೆ. ಅವನಿಗೆ ಕೋಪ. ಮುಂದಿನ ಅಂಕದಲ್ಲಿ ಮುತ್ತಿಡುವ ಬದಲು ಅವಳ ಕತ್ತು ಕಚ್ಚಿಬಿಡು ಎಂದು ಬಿಂಗ್ ಸಮಾಧಾನ ಮಾಡಿದರಂತೆ. ಮುಂದಿನ ಆಟಕ್ಕೆ ಬರಲಾಗದು, ನನಗೆ ರೇಬಿಸ್ ಬಂದಿದೆ ಎಂದು ನಿಲ್ಸನ್ ತಂತಿ ಕಳಿಸಿದಳಂತೆ. 1967ರಲ್ಲಿ ಆರ್ಕೆಸ್ಟ್ರಾ ನಿರ್ದೇಶಕ ಕಾರಯಾನ್ ಮೆಟ್‌ನಲ್ಲಿ ವಾಗ್ನರ್‌ನ 'ವಾಲ್ಕ್ಯೂರೆ'ಯನ್ನು ಕತ್ತಲಲ್ಲೇ ನಡೆಸಿದಾಗ, ಆಕೆ ರಿಹರ್ಸಲ್‌ಗೆ ಗಣಿ ಕಾರ್ಮಿಕರ ದೀಪದ ಟೋಪಿ ಹಾಕಿಕೊಂಡು ಬಂದಿದ್ದರು.

ಈ ನಗು ಕೆಲವೊಮ್ಮೆ ತಾನೇ ವೇದಿಕೆ ಏರಿದೆ. ಹದಿಹರೆಯದಿಂದ ಮೆಟ್‌ನ ನಿಂತು ನೋಡುವ ಟಿಕೆಟ್ಟಿನ ಸಾಲಿನಲ್ಲಿ ಬೆಳೆದ ಐರಾ ಸಿಫ್ 1981ರಲ್ಲಿ ಲಾ ಗ್ರಾನ್ ಶೇನಾ ಎಂಬ ತಂಡ ಕಟ್ಟಿದರು. ಗಂಡಸರೇ ಹೆಂಗಸರ ವೇಷ ಹಾಕಿ, ಕಳ್ಳದನಿಯಲ್ಲಿ ಸೊಪ್ರಾನೊ ಪಾತ್ರ ಹಾಡಿ, ಮಹಾನ್ ಗಾಯಕಿಯರ ಗತ್ತನ್ನು ಅಣಕಿಸುತ್ತಿದ್ದರು. ಅಣಕ ನಡೆಯುತ್ತಿದ್ದುದು ಅವರಿಗೆ ನಿಜವಾಗಿ ಹಾಡಲು ಬರುತ್ತಿದ್ದುದರಿಂದ. ಯಾವ ಗಾಯಕಿ ಯಾವ ಸ್ವರಕ್ಕೆ ಮುಂಚೆ ಉಸಿರು ಎಳೆಯುತ್ತಾಳೆ ಅನ್ನುವುದು ಅವರಿಗೆ ಬಾಯಿಪಾಠ. ಮುಂದೆ ಇದೇ ಸಿಫ್ ಮೆಟ್‌ನ ಶನಿವಾರದ ರೇಡಿಯೊ ಪ್ರಸಾರಕ್ಕೆ ವಿವರಣೆಗಾರರಾದರು. 1931ರಿಂದ ನಡೆದುಬಂದ ಪ್ರಸಾರ ಅದು.

ಬೌರಿ ಬೀದಿಯಲ್ಲಿದ್ದ ಅಮಾಟೊ ಒಪೆರಾ ಇದಕ್ಕಿಂತ ಬೇರೆ ಥರ. ಟೋನಿ ಮತ್ತು ಸ್ಯಾಲಿ ಅಮಾಟೊ ದಂಪತಿ 1948ರಲ್ಲಿ ಶುರು ಮಾಡಿದ್ದು, 2009ರಲ್ಲಿ ಮುಚ್ಚಿತು. ಬೌರಿಯ ಆ ಥಿಯೇಟರಿನಲ್ಲಿ ಇದ್ದದ್ದು 107 ಸೀಟು. ಅಲ್ಲಿ ವೆರ್ದಿಯ ದೊಡ್ಡ ದೊಡ್ಡ ಒಪೆರಾಗಳನ್ನೇ ಆಡುತ್ತಿದ್ದರು. ನನ್ನ ಮಟ್ಟಿಗೆ 45 ಟನ್ ಯಂತ್ರಕ್ಕಿಂತ ಈ 107 ಸೀಟು ಒಪೆರಾದ ಬಗ್ಗೆ ಜಾಸ್ತಿ ಹೇಳುತ್ತದೆ.

ಚಪ್ಪಾಳೆಯ ಭಯ ಹೊಸಬರಿಗೆಲ್ಲ ಇರುತ್ತದೆ. ವೆರ್ದಿ, ದೊನಿಜೆತ್ತಿಯವರು ಆರಿಯಾ ಮುಗಿದ ಮೇಲೆ ಚಪ್ಪಾಳೆಗೆಂದೇ ಜಾಗ ಬಿಟ್ಟಿದ್ದಾರೆ, ಧಾರಾಳವಾಗಿ ತಟ್ಟಿ. ಪುಚ್ಚೀನಿಯಲ್ಲಿ ಸಂಗೀತ ನಿಲ್ಲುವುದಿಲ್ಲ. 'ನೆಸ್ಸುನ್ ದೊರ್ಮಾ' ನೇರವಾಗಿ ಮುಂದಿನ ದೃಶ್ಯಕ್ಕೆ ಹರಿಯುತ್ತದೆ. ಆದರೂ ಜನ ತಟ್ಟಿಯೇ ತೀರುತ್ತಾರೆ. ಒಂದೇ ಹಾಡನ್ನು ಮತ್ತೆ ಹಾಡಿಸುವುದು ಮೆಟ್‌ನಲ್ಲಿ ಬಲು ಅಪರೂಪ. 2008ರ ಏಪ್ರಿಲ್ 21ರಂದು ಪೆರುವಿನ ಹುವಾನ್ ಡಿಯಾಗೊ ಫ್ಲೋರೆಸ್ ದೊನಿಜೆತ್ತಿಯ ಒಂದು ಆರಿಯಾದಲ್ಲಿ ಒಂಬತ್ತು ಹೈ ಸಿ (ಟೆನರ್‌ಗಳಿಗೆ ಬಲು ಕಷ್ಟದ ಮೇಲಿನ ಸ್ವರ) ಹೊಡೆದಾಗ ಜನ ಬಿಡಲಿಲ್ಲ. ಅವನು ಅಷ್ಟನ್ನೂ ಮತ್ತೆ ಹಾಡಿದ. 1994ರ ನಂತರ ಅಲ್ಲಿ ಒಬ್ಬ ಗಾಯಕ ಹಾಗೆ ಮಾಡಿದ್ದು ಅದೇ ಮೊದಲು.

ಮೊದಲ ಸಲಕ್ಕೆ ಯಾವುದು? 'ಲಾ ಬೊಹೆಮ್', ಯೋಚನೆಯೇ ಬೇಡ. ಮೆಟ್‌ನಲ್ಲಿ ಅತಿ ಹೆಚ್ಚು ಸಲ ಆಡಿರುವುದು ಅದನ್ನೇ. 1981ರ ಝೆಫಿರೆಲ್ಲಿಯ ಸೆಟ್ ಇನ್ನೂ ಓಡುತ್ತಿದೆ. ಎರಡನೇ ಅಂಕದಲ್ಲಿ ಪ್ಯಾರಿಸ್ಸಿನ ಬೀದಿ ತುಂಬಾ ಇನ್ನೂರಕ್ಕೂ ಜಾಸ್ತಿ ಜನ, ಜೊತೆಗೆ ಕುದುರೆ, ಕತ್ತೆ. ಮೊದಲ ಅಂಕದಲ್ಲಿ 'ಎಷ್ಟು ತಣ್ಣಗಿದೆ ನಿನ್ನ ಪುಟ್ಟ ಕೈ' ಎಂದು ನಾಯಕ ಹಾಡುವ ಜಾಗ ಗಮನಿಸಿ. ಹೆಸರಾಂತ ಟೆನರ್ ಕರುಸೊ ಒಮ್ಮೆ ಆ ಸಾಲಿನಲ್ಲಿ ನಾಯಕಿಯ ಕೈಗೆ ಬಿಸಿ ಸಾಸೇಜ್ ಇಟ್ಟಿದ್ದ ಎಂಬ ಕತೆ ತಲೆಯಲ್ಲಿದ್ದರೂ ಕೊನೆಯ ಅಂಕದಲ್ಲಿ ಕಣ್ಣು ಒದ್ದೆಯಾಗುತ್ತದೆ. ಎರಡನೆಯದು 'ರಿಗೊಲೆತ್ತೊ'.

ವಾಗ್ನರ್ ಆಮೇಲೆ. 'ರಿಂಗ್' ಅಂದರೆ ನಾಲ್ಕು ರಾತ್ರಿಗೆ ಹಂಚಿದ ಸುಮಾರು 15 ಗಂಟೆ ಸಂಗೀತ. 'ಪಾರ್ಸಿಫಾಲ್' ಎಲ್ಲಕ್ಕಿಂತ ಕೊನೆಗೆ. ಜರ್ಮನಿಯ ಬೈರೂತ್‌ನಲ್ಲಿ ವಾಗ್ನರ್ ಕಟ್ಟಿಸಿದ ಥಿಯೇಟರ್ ಬಿಟ್ಟು ಬೇರೆಲ್ಲೂ ಅದನ್ನು ಆಡಬಾರದು ಎಂದು ವಾಗ್ನರ್‌ನ ಹೆಂಡತಿ ಕೊಸಿಮಾ ನ್ಯೂಯಾರ್ಕಿನ ಕೋರ್ಟಿಗೂ ಹೋಗಿ ಸೋತರು. 1903ರ ಕ್ರಿಸ್‌ಮಸ್ ಹಿಂದಿನ ದಿನ ಮೆಟ್ ಆಡಿಯೇ ಬಿಟ್ಟಿತು. ಅದರ ಮೊದಲ ಅಂಕ ಪವಿತ್ರ, ಚಪ್ಪಾಳೆ ತಟ್ಟಬಾರದು ಎಂಬ ನಂಬಿಕೆ ಇವತ್ತಿಗೂ ಕೆಲವರಲ್ಲಿದೆ. ಪರದೆ ಬೀಳುತ್ತದೆ. ಮೇಲಿನ ಮಹಡಿಯಿಂದ ಯಾರೋ ನಾಲ್ಕು ಚಪ್ಪಾಳೆ ತಟ್ಟುತ್ತಾರೆ. ತಕ್ಷಣ ನಿಯಮ ಬಲ್ಲವರು ಎಲ್ಲ ಕಡೆಯಿಂದ 'ಶ್‌ಶ್‌ಶ್' ಎನ್ನುತ್ತಾರೆ, ಆ ಚಪ್ಪಾಳೆಗಿಂತ ಜೋರಾಗಿ.